ಮಂಚೇಗೌಡರ ಕೋವಿ

ಎಂಬತ್ತೆರಡು ವರ್ಷದ ಮಂಚೇಗೌಡರು ತಮ್ಮ ಕೋವಿಯ ಲೈಸೆನ್ಸ್ ಮುಂದುವರಿಸಲು ಕಣ್ಣಿನ ಸರ್ಟಿಫಿಕೇಟ್ ಬೇಕೆಂದು ಹೆಂಡತಿ ರತ್ನಮ್ಮನ ಜೊತೆ ಆಸ್ಪತ್ರೆಗೆ ಬಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದರು ಡಾಕ್ಟರು.

“ಯಾವ ಗೋಡೆ?” ಎಂದು ಕೇಳಿದರು ಗೌಡರು.

ಡಾಕ್ಟರು ಪೆನ್ನು ಮುಚ್ಚಿದರು. “ಈ ವಯಸ್ಸಲ್ಲಿ ಕೋವಿ ಬೇಡ ಯಜಮಾನ್ರೇ. ಯಾರಿಗಾದ್ರೂ ತಗುಲಿದ್ರೆ?”

“ಜೋಳದ ಹೊಲಕ್ಕೆ ಹಂದಿ ನುಗ್ತವೆ. ನಾನೊಂದು ಗುಂಡು ಹಾರಿಸಿದ್ರೆ ಒಂದೂ ನಿಲ್ಲಲ್ಲ. ನೀವು ಪ್ರಾಯದ ಹುಡುಗರಿಗೆ ಕೊಡ್ತೀರಿ, ಅವ್ರಿಗೆ ಮೂಗಿನ ತುದೀಲೇ ಕೋಪ. ನಂಗೆ ಕೋಪ ಬಂದ್ರೂ ಎದ್ದು ನಿಲ್ಲೋ ಹೊತ್ಗೆ ಯಾಕೆ ಬಂತು ಅಂತಾನೇ ಮರ್ತೋಗಿರುತ್ತೆ.”

ಡಾಕ್ಟರಿಗೆ ನಗು ಬಂತು. ಆದರೂ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಗೌಡರ ಮುಖ ಸಣ್ಣದಾಯಿತು. ಎದ್ದು, ಬಾಗಿಲು ಎಂದುಕೊಂಡು ಔಷಧಿಯ ಬೀರುವನ್ನು ತೆರೆದರು. ರತ್ನಮ್ಮ ಅವರ ಕೈ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೊಬ್ಬರೇ ಒಳಗೆ ಬಂದರು.

“ರುಜು ಹಾಕ್ಬಿಡಿ ಡಾಕ್ಟ್ರೇ. ಕೋವೀನ ಸ್ಟೇಷನ್ನಿಗೆ ಒಪ್ಪಿಸಿದ್ರೆ ಇವ್ರು ಊಟಾನೇ ಬಿಟ್‌ಬಿಡ್ತಾರೆ.”

“ಅವ್ರಿಗೆ ಕಣ್ಣೇ ಕಾಣಲ್ವಲ್ಲಮ್ಮ. ನಾಳೆ ಗುಂಡು ನಿಮಗೇ ಬಿದ್ರೆ?”

ರತ್ನಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಏಳು ವರ್ಷದಿಂದ ನಾನು ಅದಕ್ಕೆ ಗುಂಡೇ ತುಂಬಿಲ್ಲ. ಇವ್ರು ಗುರಿ ಹಿಡಿದಾಗ ಬೆನ್ನ ಹಿಂದೆ ನಿಂತು ಪಟಾಕಿ ಹೊಡೀತೀನಿ.”