ಕ್ಲಚ್ ಇಲ್ಲದ ಕಾರು

"ಹತ್ತಿ ಭಾವ, ಅದೇನು ಕಚ್ಚೋದಿಲ್ಲ," ಎಂದು ಗ್ಯಾರೇಜಿನ ಮೇಲ್ವಿಚಾರಕ ಹೊಸ ಕಾರಿನ ಬಾಗಿಲು ತೆರೆದು ನಿಂತ. ಮಧ್ಯಾಹ್ನದ ಊಟದ ಹೊತ್ತು. ಸರ್ಕಾರಿ ವಾಹನಗಳ ಆ ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ, ಡ್ರೈವರುಗಳೆಲ್ಲ ಷೆಡ್ಡಿನ ಹಿಂದೆ ಡಬ್ಬಿ ಬಿಚ್ಚಿ ಕೂತಿದ್ದರು. ಅವನ ಅಕ್ಕನ ಗಂಡ ಮಾತ್ರ ಕಾರಿನಿಂದ ಮಾರು ದೂರದಲ್ಲಿ, ಎಡಗಾಲನ್ನು ಕೋಲಿನಂತೆ ನೆಟ್ಟಗೆ ಚಾಚಿಕೊಂಡು ನಿಂತಿದ್ದ. ಆಫೀಸಿನ ಕಿಟಕಿಯ ಹಿಂದೆ ಕೂತು ಡ್ರೈವರುಗಳಿಗೆ ಬೀಗದಕೈ ಕೊಡುವುದು, ಸಂಜೆ ವಾಪಸು ಪಡೆಯುವುದು ಭಾವನ ಕೆಲಸ.

ಮೊದಲು ಅವನೂ ಡ್ರೈವರನೇ. ಅವನು ಓಡಿಸಿದರೆ ಹಿಂದೆ ಕೂತ ಸಾಹೇಬರು ನಿದ್ದೆ ಹೋಗುತ್ತಿದ್ದರು, ಅಷ್ಟು ನಯ. ಇದೇ ಅಂಗಳದಲ್ಲಿ ಜಾಕ್ ಜಾರಿ ಜೀಪು ಎಡಗಾಲಿನ ಮೇಲೆ ಕೂತಿತು. ಕಾಲು ಉಳಿಯಿತು, ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಬಲಗಾಲಿಗೆ ಏನೂ ಆಗಿರಲಿಲ್ಲ, ಆದರೆ ಕ್ಲಚ್ ಒತ್ತಲು ಎಡಗಾಲೇ ಬೇಕಲ್ಲ! ಕ್ಲಚ್ ಇಲ್ಲದ, ತಾನೇ ಗೇರ್ ಬದಲಿಸಿಕೊಳ್ಳುವ ಕಾರುಗಳು ಪೇಟೆಗೆ ಬಂದು ಆಗಲೇ ಎಷ್ಟೋ ಕಾಲವಾಗಿತ್ತು. ಸರ್ಕಾರ ಅಂಥದ್ದನ್ನು ಕೊಳ್ಳುವ ಹಾಗಿರಲಿಲ್ಲ. 'ಕ್ಲಚ್ ಹಾಗೂ ಕೈಗೇರ್ ಇರುವ ಕಾರುಗಳನ್ನು ಮಾತ್ರ ಖರೀದಿಸತಕ್ಕದ್ದು' ಎಂದು ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಬರೆದಿಟ್ಟಿದ್ದನೋ. ಆಸ್ಪತ್ರೆಯ ಮಂಚದ ಪಕ್ಕ ಕೂತು ಮೇಲ್ವಿಚಾರಕ ಅದನ್ನು ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. "ಏನ್ ಮಾಡೋದು ಭಾವ, ರೂಲ್ಸು. ನಮ್ಮ ಕೈಲೇನಿದೆ?" ಎಂದಿದ್ದ.

ಅಂದಿನಿಂದ ವರ್ಷಗಟ್ಟಲೆ ಭಾವ ಕಿಟಕಿಯ ಹಿಂದೆ. ಅಂಗಳದಲ್ಲಿ ಯಾರಾದರೂ ಗೇರನ್ನು ಕಿರ್ರೆನ್ನಿಸಿದರೆ ಅವನ ಮುಖ ಹಲ್ಲುನೋವು ಬಂದವರಂತೆ ಕಿವುಚಿಕೊಳ್ಳುತ್ತಿತ್ತು. ಬಾಯಿ ಬಿಟ್ಟು ಒಂದು ದಿನವೂ ಏನೂ ಅಂದವನಲ್ಲ.

ಈಗ ಆ ನಿಯಮವೇ ಇಲ್ಲ. ಹಳೆಯ ಷರತ್ತುಗಳನ್ನೆಲ್ಲ ಮೇಲಿನವರು ಒಂದೇ ಏಟಿಗೆ ರದ್ದು ಮಾಡಿದ್ದರು. ಮೊದಲು ಬಂದ ಕ್ಲಚ್ ಇಲ್ಲದ ಕಾರು ಇದು. ಭಾವ ನಿವೃತ್ತನಾಗಲು ಇನ್ನೆರಡೇ ತಿಂಗಳು ಉಳಿದಿದ್ದವು.

ಕೊನೆಗೂ ಹತ್ತಿದ. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಸಾಮಾನು ಇಟ್ಟಂತೆ ಒಳಗಿಟ್ಟುಕೊಂಡ. ಕಾರು ಸದ್ದಿಲ್ಲದೆ ಹೊರಟು ನೀರಿನ ತೊಟ್ಟಿಯನ್ನು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಆಮೇಲೆ ಎರಡು ಜೀಪುಗಳ ನಡುವಿನ ಇಕ್ಕಟ್ಟಿಗೆ ಹಿಮ್ಮುಖವಾಗಿ, ಒಂದೇ ಸಲಕ್ಕೆ ಬಂದು ನಿಂತಿತು. ಭಾವ ಇಳಿಯಲಿಲ್ಲ. ಸ್ಟಿಯರಿಂಗ್ ಮೇಲಿನ ಕೈಯನ್ನೂ ತೆಗೆಯಲಿಲ್ಲ.

"ಇಷ್ಟೇನಾ?" ಎಂದ.

"ಇಷ್ಟೇ! ಇನ್ಮೇಲೆ ಈ ಕಾರು ನಿಮ್ದು. ಡ್ರೈವರ್ ಆಗೇ ರಿಟೈರ್ ಆಗ್ತೀರಿ ನೀವು. ಇವತ್ತು ಸಂಜೆ ನಾನೇ ಮನೆಗೆ ಬಂದು ಅಕ್ಕನಿಗೆ ಹೇಳ್ತೀನಿ," ಎಂದು ಮೇಲ್ವಿಚಾರಕ ಪಕ್ಕದ ಸೀಟಿನಲ್ಲಿ ಬಂದು ಕೂತ. ತಾನೇ ಮದುವೆ ಗಂಡು ಎನ್ನುವಷ್ಟು ಸಂಭ್ರಮ ಅವನಿಗೆ.

"ಅಲ್ವೋ, ಕಲ್ಲಲ್ಲಿ ಕೆತ್ತಿದ ಹಾಗಿತ್ತಲ್ಲ ಆ ರೂಲ್ಸು. ಹೇಗೆ ತೆಗೆದ್ರು?"

"ಅದೊಂದು ತಮಾಷೆ ಭಾವ. ದೊಡ್ಡ ಸಾಹೇಬರ ಕಾರಲ್ಲಿ ಹಿಂದಿನ ಸೀಟಿಗೆ ಆಶ್‌ಟ್ರೇ ಇರಲೇಬೇಕು ಅಂತ ಅದೇ ರೂಲ್ಸಲ್ಲಿತ್ತು. ಈಗ ಯಾವ ಕಂಪನಿಯವನು ಆಶ್‌ಟ್ರೇ ಇಟ್ಟು ಕಾರು ಮಾಡ್ತಾನೆ ಹೇಳಿ? ನಾಳೆ ಆಡಿಟ್‌ನವರು ಬಂದು ನನ್ನ ಕುತ್ತಿಗೆ ಹಿಡೀತಾರಲ್ಲ ಅಂತ ಮೇಲಕ್ಕೆ ಎರಡು ಸಾಲು ಬರೆದು ಹಾಕಿದೆ. ತಿಂಗಳೊಳಗೆ ಆಶ್‌ಟ್ರೇ, ಪರದೆ, ಕ್ಲಚ್ಚು ಎಲ್ಲಾ ಷರತ್ತು ಹೋಯ್ತು! ನಾನೇ ದಂಗಾಗಿಬಿಟ್ಟೆ. ಫೋನ್ ಮಾಡಿ ವಿಚಾರಿಸಿದ್ರೆ, 'ಇಷ್ಟು ವರ್ಷ ಯಾರೂ ಕೇಳ್ಲೇ ಇಲ್ಲ ಕಣ್ರೀ, ಕೇಳಿದ್ರೆ ಯಾವತ್ತೋ ತೆಗೀತಿದ್ವಿ' ಅಂತ ನಗ್ತಾರೆ..."

ಮಾತು ಪೂರ್ತಿಯಾಗಿ ಬಾಯಿಂದ ಹೊರಬಿದ್ದ ಮೇಲೆಯೇ ಅದು ಅವನ ಕಿವಿಗೆ ತಲುಪಿದ್ದು. ನಗು ಮುಖದ ಮೇಲೆ ಹಾಗೇ ಉಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒದ್ದಾಡಿತು. ಷೆಡ್ಡಿನ ಹಿಂದಿನಿಂದ ಡ್ರೈವರುಗಳ ಹರಟೆ ಕೇಳುತ್ತಿತ್ತು.

"ಆಶ್‌ಟ್ರೇ ಇಲ್ಲ ಅಂತ ಬರೆದೆ," ಎಂದ ಭಾವ, ತುಂಬ ಮೆಲ್ಲಗೆ.

"ಭಾವ... ಹೊಳೀಲೇ ಇಲ್ಲ ಭಾವ. ಬರೀಬಹುದು ಅಂತಾನೇ ಹೊಳೀಲಿಲ್ಲ. ಆಣೆ ಮಾಡಿ ಹೇಳ್ತೀನಿ." ಅವನು ಹೇಳಿದ್ದು ನಿಜವೇ. ಈ ಮನುಷ್ಯನಿಗಾಗಿ ಅವನು ರಕ್ತ ಕೊಟ್ಟಿದ್ದ, ಹರಕೆ ಹೊತ್ತಿದ್ದ, ರಾತ್ರಿಯಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಎರಡು ಸಾಲು ಬರೆಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದ್ದ.

"ನನಗೂ ಹೊಳೀಲಿಲ್ಲವಲ್ಲೋ," ಎಂದ ಭಾವ. "ನೀನು ರೂಲ್ಸು ಅಂದೆ, ನಾನು ಒಪ್ಪಿಕೊಂಡೆ. ಕೇಳು ಅಂತ ನಾನಾದ್ರೂ ಅನ್ನಬಹುದಿತ್ತು." ಎಂಜಿನ್ ಆರಿಸಿದ. ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ. ಇಳಿಯಲು ಮೇಲ್ವಿಚಾರಕ ಓಡಿಬಂದು ಕೈ ಕೊಟ್ಟಾಗ ಬೇಡವೆನ್ನದೆ ಹಿಡಿದುಕೊಂಡ. ನೇರವಾಗಿ ನಿಂತ ಮೇಲೂ ಆ ಕೈಯನ್ನು ಬಿಡಲಿಲ್ಲ.

"ಸಂಜೆ ಮನೆಗೆ ಬಾ. ರೂಲ್ಸು ಹೋಯ್ತು ಅಂತಷ್ಟೇ ಹೇಳು. ಹೇಗೆ ಹೋಯ್ತು ಅಂತ ಮಾತ್ರ ನಿಮ್ಮಕ್ಕನ ಮುಂದೆ ಬಾಯಿ ಬಿಡಬೇಡ," ಎಂದ. "ಅವಳಿಗಿರೋನು ನೀನೊಬ್ಬನೇ ತಮ್ಮ."