ವಾಪಸಾದ ಮುಖ

ಕಳ್ಳ ಕೊನೆಗೂ ಸಿಕ್ಕಿದ್ದ. ಅದೂ ಎಲ್ಲೋ ದೂರದೇಶದಲ್ಲಲ್ಲ. ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ, ಇಪ್ಪತ್ತೈದು ಕಿಲೊ ಸೋನಾಮಸೂರಿ ಚೀಲದ ಮೇಲೆ.

ಸಿದ್ದಲಿಂಗೇಶ ಚೀಲದ ಮುಂದೆ ನಿಂತೇಬಿಟ್ಟ. ಮೇಲಿದ್ದದ್ದು ಅವನೇ ತೆಗೆದ ಫೋಟೊ. ವಳಕಮದಿನ್ನಿಯ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಂಗಸು, ಯಾರೋ ‘ಯಮನೂರಮ್ಮಾ’ ಎಂದು ಕೂಗಿದ್ದಕ್ಕೆ ನಡು ಎತ್ತಿ ತಿರುಗಿ ನಕ್ಕ ಗಳಿಗೆ. ಕೆಳಗೆ ದಪ್ಪಕ್ಷರದಲ್ಲಿ ಅಮರಗುಂಡಪ್ಪನವರ ರೈಸ್‌ಮಿಲ್ಲಿನ ಹೆಸರು.

ಬಸ್‌ಸ್ಟ್ಯಾಂಡಿನ ಬಳಿ ಅವನದೊಂದು ಸ್ಟುಡಿಯೊ. ಮದುವೆಗಳಿಲ್ಲದ ದಿನಗಳಲ್ಲಿ ಊರೂರು ತಿರುಗಿ ಫೋಟೊ ತೆಗೆದು ಆನ್‌ಲೈನ್ ಕಂಪನಿಯೊಂದರ ಮೂಲಕ ಮಾರುತ್ತಿದ್ದ. ಯಾರಾದರೂ ದುಡ್ಡು ಕಟ್ಟಿ ಫೋಟೊ ಇಳಿಸಿಕೊಂಡರೆ ಅದರಲ್ಲಿ ಅವನಿಗೊಂದು ಪಾಲು. ಕೊಂಡವನಿಗೆ ದುಡ್ಡು ವಾಪಸ್ ಹೋದರೆ ಅವನ ಪಾಲನ್ನೂ ಕಂಪನಿ ಕಿತ್ತುಕೊಳ್ಳುತ್ತಿತ್ತು. ಫೋಟೊ ಮಾತ್ರ ಕೊಂಡವನ ಕಂಪ್ಯೂಟರಿನಲ್ಲೇ ಹಾಯಾಗಿ ಇರುತ್ತಿತ್ತು. ಹೊಟ್ಟೆ ತುಂಬ ಉಂಡು, ತೇಗಿ, ಕೈ ತೊಳೆದು, ಆಮೇಲೆ ಅನ್ನ ಹಳಸಿತ್ತು ಎಂದು ದುಡ್ಡು ವಾಪಸ್ ಕೇಳುವ ಮಂದಿ. ಥೂ, ಇಂಥವರಿಗಿಂತ ಜೇಬು ಕತ್ತರಿಸುವವರು ಮೇಲು. ಅವರಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ.

ಈ ತಿಂಗಳು ಯಮನೂರಮ್ಮನ ಫೋಟೊ ಒಂದೇ ಮೂರು ಸಲ ವಾಪಸಾಗಿತ್ತು. ನಿನ್ನೆ ಬೆಳಿಗ್ಗೆ ಕಂಪನಿಯಿಂದ ಮೇಲ್ ಬಂತು: ಏಳು ದಿನದೊಳಗೆ ಸರಿಯಾದ ಉತ್ತರ ಬಾರದಿದ್ದರೆ ಖಾತೆ ಬಂದ್. ಆರು ವರ್ಷದ ದುಡಿಮೆ, ನಾಲ್ಕು ಸಾವಿರ ಫೋಟೊ, ಎಲ್ಲ ನೀರುಪಾಲು. ಕೆಳಗೆ ಇನ್ನೂ ಎಂಟು ಸಾಲು ಇಂಗ್ಲಿಷಿತ್ತು. ಕೆಂಪಕ್ಷರ ಕಂಡೇ ಅವನ ತಲೆ ಕೆಟ್ಟುಹೋಗಿತ್ತು. ಉಳಿದದ್ದನ್ನು ಓದುವ ತಾಳ್ಮೆ ಎಲ್ಲಿಂದ ಬರಬೇಕು? ದುಡ್ಡು ವಾಪಸ್ ಪಡೆದವನೇ ಫೋಟೊ ಬಳಸುತ್ತಿದ್ದಾನೆಂದು ತೋರಿಸಿದರೆ ಕಂಪನಿ ತನ್ನ ಕಡೆ ಆಗುತ್ತದೆ ಎಂದು ಅವನು ಲೆಕ್ಕ ಹಾಕಿದ.

ಬರೀ ಚೀಲ ಹಿಡಿದುಕೊಂಡು ಹೋದರೆ ಮಿಲ್ಲಿನ ಸಾವುಕಾರರು ನಕ್ಕು ಕಳಿಸುತ್ತಾರೆ. ಆ ಹೆಂಗಸನ್ನೇ ಎದುರಿಗೆ ನಿಲ್ಲಿಸಬೇಕು. ಸಿದ್ದಲಿಂಗೇಶ ಮರುದಿನ ವಳಕಮದಿನ್ನಿಗೆ ಹೋದ. ಚಹಾದಂಗಡಿಯಲ್ಲಿ ಫೋಟೊ ತೋರಿಸಿದ, ಅವರು ಮನೆ ತೋರಿಸಿದರು. ಯಮನೂರಮ್ಮನಿಗೆ ಅವನ ಗುರುತು ಹತ್ತಲಿಲ್ಲ. ಎರಡು ವರ್ಷವಾಗಿತ್ತಲ್ಲ. ನಿನ್ನ ಮುಖವನ್ನು ಸಾವುಕಾರರು ಕದ್ದು ಚೀಲದ ಮೇಲೆ ಛಾಪಿಸಿದ್ದಾರೆ, ಬಂದು ಎರಡು ಮಾತಾಡು, ಇವತ್ತಿನ ಕೂಲಿ ನಾನು ಕೊಡುತ್ತೇನೆ ಎಂದ. ನನ್ನಂಥವಳ ಮುಖ ಕದ್ದು ಯಾರು ಏನು ಮಾಡಿಯಾರು ಎಂದು ನಗುತ್ತಲೇ ಅವಳು ಸೀರೆ ಬದಲಿಸಿ ಆಟೊ ಹತ್ತಿದಳು. ದಾರಿಯಲ್ಲಿ ಅವನ ಹೆಸರು ಕೇಳಿದಳು, ಯಾವ ಊರು ಎಂದೂ ಕೇಳಿದಳು.

ಮಿಲ್ಲಿನ ಆಫೀಸಿನಲ್ಲಿ ಅಮರಗುಂಡಪ್ಪ ಇಬ್ಬರನ್ನೂ ಕೂರಿಸಿ ಚಹಾ ತರಿಸಿದರು. ಸಿದ್ದಲಿಂಗೇಶ ಮುಟ್ಟಲಿಲ್ಲ. ಸಾವುಕಾರರ ಹಣೆ ತುಂಬ ವಿಭೂತಿ, ಗೋಡೆ ತುಂಬ ದೇವರು, ಮಾಡುವುದು ಇಂಥ ಕೆಲಸ. ಆ ಕಪ್ಪು-ಬಸಿಯ ಅಂಚು ಕಂಡರೂ ಅವನಿಗೆ ಹೇಸಿಗೆಯಾಗುತ್ತಿತ್ತು.

ಅವನು ಎದೆಯಲ್ಲಿದ್ದುದನ್ನೆಲ್ಲ ಕಕ್ಕಿದ. ಬಡವರ ಬೆವರನ್ನು ಬಿಟ್ಟಿಗೆ ನೆಕ್ಕುವವರು ಎಂದ. ತಾನಾದರೂ ಧರ್ಮಕ್ಕೆ ಹೆದರಿ ನಡೆದವನು; ಈ ತಾಯಿಯ ಮನೆಯಲ್ಲೇ ಕೂತು, ಫೋಟೊ ಮಾರಲು ಕಂಪನಿ ಕೇಳುವ ಒಪ್ಪಿಗೆ ಪತ್ರವನ್ನು ಒಂದೊಂದು ಸಾಲೂ ತಿಳಿಸಿ ಹೇಳಿ ಮಾಡಿಸಿದವನು ಎಂದ. ಬಸಿಯಲ್ಲಿ ಚಹಾ ಊದುತ್ತಿದ್ದ ಯಮನೂರಮ್ಮ ತಲೆ ಎತ್ತಿ ಅವನನ್ನೇ ನೋಡಿದಳು. ಪಾಪ, ದೊಡ್ಡವರ ಮುಂದೆ ಬಾಯಿ ಬರುತ್ತಿಲ್ಲ ಎಂದುಕೊಂಡ.

ಅಮರಗುಂಡಪ್ಪ ಸಿಟ್ಟಾಗಲಿಲ್ಲ.

“ತಮ್ಮಾ, ರೊಕ್ಕ ವಾಪಸ್ ಕೊಡ್ರಿ ಅಂತ ನಾ ಕೇಳಿಲ್ಲ. ಕಂಪನಿಯವರೇ ಹೊಳ್ಳಿ ಕಳ್ಸ್ಯಾರ, ಫೋಟೊ ಬಳಸಬ್ಯಾಡ್ರಿ ಅಂತ ಬರದಾರ. ನೀ ನೋಡಿದ್ದು ಅದಕ್ಕಿಂತ ಮೊದಲ ಹೋದ ಚೀಲ. ಛಾಪಿಸಿದ ಹತ್ತು ಸಾವಿರ ಚೀಲ ಗೋದಾಮಿನ್ಯಾಗ ಬಿದ್ದಾವ. ಒಪ್ಪಿಗಿ ಕಾಗದದ ಮ್ಯಾಲ ಅವರಿಗೆ ಏನೋ ಅನುಮಾನ ಬಂದೈತಿ.”

ಅನುಮಾನ! ಸಿದ್ದಲಿಂಗೇಶ ಮೊಬೈಲ್ ತೆಗೆದು ಒಪ್ಪಿಗೆ ಪತ್ರವನ್ನು ಅವರ ಮೂಗಿನ ಮುಂದೆ ಹಿಡಿದ. ಯಮನೂರಮ್ಮ, ವಳಕಮದಿನ್ನಿ, ಕೆಳಗೆ ಅಚ್ಚುಕಟ್ಟಾದ ನೀಲಿ ಹೆಬ್ಬೆಟ್ಟು. ಸಾವುಕಾರರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಹಾಗಾದರೆ ಇವಳು ಇಲ್ಲೇ ಇದ್ದಾಳೆ, ಇನ್ನೊಂದು ಸಲ ಬರೆಸಿಕೊಂಡು ಕಳಿಸಿದರೆ ಅವರ ಅನುಮಾನವೂ ಹೋದೀತು, ನನ್ನ ಚೀಲಗಳೂ ಉಳಿದಾವು, ನಿನ್ನ ಖಾತೆಯೂ ಉಳಿದೀತು ಎಂದರು. ಗುಮಾಸ್ತ ಹಾಳೆ ತಂದಿಟ್ಟ. ಹಮಾಲರ ಹೆಬ್ಬೆಟ್ಟಿಗಾಗಿ ಇಟ್ಟಿದ್ದ ಶಾಯಿಡಬ್ಬಿ ಮೇಜಿನ ಮೇಲೇ ಇತ್ತು. ಸಿದ್ದಲಿಂಗೇಶ ತಾನೇ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದ. ಗೆದ್ದೆ ಎನಿಸಿತು ಅವನಿಗೆ.

“ಒತ್ತಬೇ ಯವ್ವಾ, ಅಂಜಬ್ಯಾಡ.”

ಯಮನೂರಮ್ಮ ಅಂಜಲಿಲ್ಲ. ಶಾಯಿಡಬ್ಬಿಯನ್ನು ಬದಿಗೆ ತಳ್ಳಿದಳು. ನಡುವಿನ ಸಂಚಿಯಿಂದ ಒಂದು ಪೆನ್ನು ತೆಗೆದು, ಹಾಳೆಯನ್ನು ಓರೆ ಮಾಡಿಕೊಂಡು, ತನ್ನ ಹೆಸರನ್ನೂ ಗಂಡ ಮುದುಕಪ್ಪನ ಹೆಸರನ್ನೂ ದುಂಡಗೆ ಬರೆದಳು. ಆಮೇಲೆ ಮೊಬೈಲಿನಲ್ಲಿದ್ದ ಹೆಬ್ಬೆಟ್ಟನ್ನು ಬಗ್ಗಿ ನೋಡಿದಳು.

“ಇದು ನಂದಲ್ಲರೀ ಸಾವುಕಾರ್ರ. ಹೆಣ್ಮಕ್ಕಳ ಸಂಘದಾಗ ಹದಿನಾಕು ವರ್ಷದಿಂದ ಸಹಿ ಮಾಡಾಕತ್ತೀನಿ. ಈ ತಮ್ಮನ್ನ ನಾ ನೋಡಿದ್ದೂ ಇವತ್ತೇ.”

ಅಮರಗುಂಡಪ್ಪ ಶಾಯಿಡಬ್ಬಿಯನ್ನು ನಿಧಾನಕ್ಕೆ ಸಿದ್ದಲಿಂಗೇಶನ ಕಡೆ ಸರಿಸಿದರು: “ನಿಂದೊಂದು ಹೆಬ್ಬಟ್ಟು ಒತ್ತು ತಮ್ಮಾ, ನೋಡೂಣು.”