ದೀಪ ಹತ್ತಿತೇನವ್ವಾ?

ಸುಟ್ಟ ವೈರಿನ ವಾಸನೆ ಬಂದರೆ ನನಗೆ ಈಗಲೂ ಭಾಲ್ಕಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಹಳೆಯ ಕಾರಿನ ಹಾರ್ನು, ಒಳದೀಪ ಎರಡೂ ಕೆಟ್ಟಿದ್ದವು. ಬೇವಿನ ನೆರಳಲ್ಲಿ ಮಿಸ್ತ್ರಿ ಚಾಚಾ ಹೊಸ ಫ್ಯೂಜ್ ಹಾಕುತ್ತಿದ್ದರು, ಹಾಕಿದ್ದೆಲ್ಲ ಸುಟ್ಟುಹೋಗುತ್ತಿತ್ತು. ಬಿಸಿ ರೆಕ್ಸಿನ್ ಸೀಟಿನ ಮೇಲೆ ಕೂತ ನಾನು ದೀಪ ಹತ್ತಿತೋ ಇಲ್ಲವೋ ಹೇಳಬೇಕಿತ್ತು.

“ಹತ್ತಿತೇನವ್ವಾ?” ಅಪ್ಪ ಕೇಳಿದರು.

“ಇಲ್ರಿ ಅಪ್ಪಾ.”

ಹಿಂದಿನ ದಿನ, ಸಿಗರೇಟು ಹೊತ್ತಿಸುವ ತೂತಿನೊಳಗೆ ನಾನೇ ನನ್ನ ಹೇರ್‌ಪಿನ್ ತುರುಕಿದ್ದೆ. ಚಟ್ಟನೆ ಕಿಡಿ ಹಾರಿ, ಆಗಲೇ ಒಳದೀಪ, ಹಾರ್ನು ಎರಡೂ ಸತ್ತಿದ್ದವು. ಪಿನ್ನು ಇನ್ನೂ ಅಲ್ಲೇ ಇತ್ತು. ಆ ತೂತನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದೆ.

“ವೈರಿಂಗ್ ಪೂರಾ ಖರಾಬ್ ಆಗ್ಯಾದ್ರಿ ಸಾಹೇಬ್ರ. ಹೊಸದು ಹಾಕಿದ್ರೂ ಭರೋಸಾ ಇಲ್ಲ. ಮಾರಿಬಿಡ್ರಿ,” ಎಂದರು ಚಾಚಾ.

ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟರು. “ಇನ್ನೊಂದ್ಸಲ ನೋಡ್ರಿ,” ಎಂದರು. ಮತ್ತೆ ಅದೇ ವಾಸನೆ. ನಾನು ಮತ್ತೆ ಇಲ್ಲವೆಂದೆ.

ಮುಂದಿನ ವಾರ ಔರಾದದವರೊಬ್ಬರು ಕಾರು ಒಯ್ಯಲು ಬಂದರು. ಕೀಲಿ ಕೊಡುವ ಮೊದಲು ಅಪ್ಪ ಹೆಗಲ ಟವೆಲಿನಿಂದ ಗಾಜು ಒರೆಸಿದರು. ಆಮೇಲೆ, ಪಿನ್ನಿಲ್ಲದೆ ನನ್ನ ಹಣೆಗೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, “ಅದಕ್ಕ ವಯಸ್ಸಾಗಿತ್ತವ್ವಾ. ಯಾರದೂ ತಪ್ಪಿಲ್ಲ,” ಎಂದರು.